ಹಳೇ ರೈಸ್ ಮಿಲ್ಲಿನ ಗರ್ಡರುಗಳಲ್ಲಿ ವರ್ಕ್‌ಶಾಪ್ ಶೆಡ್: ಅಳತೆ, ಖರ್ಚು, ಎಡವಟ್ಟು

ಶೆಡ್ ಎದ್ದು ನಿಂತಿದೆ. 36 ಅಡಿ ಉದ್ದ, 24 ಅಡಿ ಅಗಲ, ಕಂಬದ ಎತ್ತರ 12 ಅಡಿ. ಒಂದು ಮೂಲೆಯಲ್ಲಿ 12ಕ್ಕೆ 12ರ ಅಟ್ಟ. ನಡುವೆ ಒಂದು ಟನ್ನಿನ ಚೈನ್ ಪುಲ್ಲಿ ನೇತುಹಾಕಲು ಬೇರೆಯೇ ಒಂದು 16 ಅಡಿಯ ಗರ್ಡರ್. ಕಂಬ, ತೊಲೆ, ಟ್ರಸ್ (ಮಾಡು ಹೊರುವ ತ್ರಿಕೋನದ ಚೌಕಟ್ಟು) ಅಷ್ಟೂ ಶಿವಮೊಗ್ಗದ ಕಡೆ ಕೆಡವಿದ ಒಂದು ರೈಸ್ ಮಿಲ್ಲಿನವು. ಪರ್ಲಿನ್ (ಟ್ರಸ್ಸುಗಳ ಮೇಲೆ ಅಡ್ಡ ಹಾಯ್ದು ಶೀಟು ಹೊರುವ ಪಟ್ಟಿ), ಬೇಸ್ ಪ್ಲೇಟ್, ಬೋಲ್ಟ್, ಮಾಡಿನ ಶೀಟು ಹೊಸವು.

ಸಾಗರದ ಹತ್ತಿರ ನಮ್ಮದು ಪವರ್ ಟಿಲ್ಲರ್, ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್ ರಿಪೇರಿ ಮಾಡುವ ಕಸುಬು. ಶೆಡ್ ನೋಡಿದವರೆಲ್ಲ ಕೇಳುವುದು ಒಂದೇ, "ಹಳೇ ಕಬ್ಬಿಣ ತಗೊಂಡ್ರೆ ಎಷ್ಟು ಉಳೀತದೆ?" ಲೆಕ್ಕ ಕೊನೆಯಲ್ಲಿ ಕೊಟ್ಟಿದ್ದೇನೆ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ: ಮೊದಲು ಕಬ್ಬಿಣ ಕೊಳ್ಳಿ, ಆಮೇಲೆ ನಕ್ಷೆ ಬರೆಸಿ. ನಾವು ತಿರುಗಾಮುರುಗಾ ಮಾಡಿದೆವು, ನಕ್ಷೆಗೆ ಎರಡು ಸಲ ದುಡ್ಡು ಕೊಟ್ಟೆವು.

1. ಜನವರಿ: ಲಾಟ್ ಹಿಡಿದದ್ದು

ಕಟ್ಟಡ ಕೆಡವುವವರಿಗೆ ಗರ್ಡರ್ ಅಂದರೆ ತೂಕ, ಉದ್ದದ ಗೊಡವೆ ಅವರಿಗಿಲ್ಲ. ಗ್ಯಾಸ್ ಕಟರ್ ಹಿಡಿದು ನಾಲ್ಕೈದು ಅಡಿಗೊಂದು ತುಂಡು ಮಾಡಿ ಲಾರಿಗೆ ಎಸೆಯುತ್ತಾರೆ; ಫರ್ನೇಸಿಗೆ ಹೋಗುವ ಮಾಲಿಗೆ ಅಷ್ಟೇ ಸಾಕು. ನಾವು ಹೋಗುವಷ್ಟರಲ್ಲಿ ಮಿಲ್ಲಿನ ದೊಡ್ಡ ಕಂಬಗಳೆಲ್ಲ ತುಂಡಾಗಿ ರಾಶಿ ಬಿದ್ದಿದ್ದವು. ಮಹಡಿಯ ಗರ್ಡರು ಮತ್ತು ಮಾಡಿನ ಟ್ರಸ್ಸು ಇನ್ನೂ ಗೋಡೆಯ ಮೇಲೇ ಇದ್ದವು.

ಗುಜರಿ ವ್ಯಾಪಾರಿಯ ಹತ್ತಿರ ಮಾತಾಡಿದೆ. "ತುಂಡು ಮಾಡದೆ ಇಳಿಸಿ ಕೊಡಿ ಸಾಹೇಬ್ರೆ, ರೇಟು ಬೇರೆ ಮಾತಾಡೋಣ." ಆಗ ಗುಜರಿ ರೇಟು ಕೆಜಿಗೆ 34 ರೂಪಾಯಿ ನಡೆಯುತ್ತಿತ್ತು. ಇಡಿಯಾಗಿ ಇಳಿಸಲು ಕ್ರೇನ್ ಬೇಕು, ಕೆಲಸ ನಿಧಾನ ಆಗುತ್ತದೆ ಎಂದು ಅವರು 48 ಕೇಳಿದರು. 44ಕ್ಕೆ ಕುದುರಿತು. ಹೊಸ ಮಾಲು ಅಂಗಡಿಯಲ್ಲಿ 62, ಜಿಎಸ್‌ಟಿ ಸೇರಿ 73ರ ಆಸುಪಾಸು.

ವೇಬ್ರಿಡ್ಜ್ ತೂಕ 3,420 ಕೆಜಿ. ಅದರಲ್ಲಿ 8 ಇಂಚಿನ ಗರ್ಡರು, 24 ಅಡಿಯ ಐದು ಟ್ರಸ್ಸು, ಒಂದಿಷ್ಟು ಆ್ಯಂಗಲ್ ಪರ್ಲಿನ್ ಇದ್ದವು. ಬಿಲ್ಲು ಹಾಕಿಸಿಕೊಂಡೆ. ಬಿಲ್ಲಿದ್ದರೂ ಬ್ಯಾಂಕಿನವರು ಹಳೇ ಕಬ್ಬಿಣಕ್ಕೆ ಬೆಲೆ ಕಟ್ಟಲು ಒಪ್ಪಲಿಲ್ಲ. ಸಾಲ ಮಾಡಿ ಕಟ್ಟುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಪರ್ಲಿನ್ ತೆಗೆದುಕೊಂಡದ್ದು ದಂಡ. ಶೀಟಿನ ಕೆಳಗೆ, ಹುಕ್ ಬೋಲ್ಟಿನ ತೂತಿನ ಸುತ್ತ, ವರ್ಷಗಟ್ಟಲೆ ನೀರು ಜಿನುಗಿ ಒಂದೊಂದೂ ಹಪ್ಪಳದ ಹಾಗೆ ಪದರ ಬಿಟ್ಟಿತ್ತು. ಕೆಳಗೆ ನಿಂತು ನೋಡಿದಾಗ ಬಣ್ಣ ಚೆನ್ನಾಗಿ ಕಂಡಿತ್ತು, ಅಷ್ಟೆ. ಏಣಿ ಹಾಕಿ ಮೇಲೆ ಹತ್ತಿ ಸುತ್ತಿಗೆಯಲ್ಲಿ ತಟ್ಟಿ ನೋಡಬೇಕಿತ್ತು.

2. ಒಂದೊಂದನ್ನೂ ಅಳೆದದ್ದು

ಸಾಮಾನು: ವರ್ನಿಯರ್ ಕ್ಯಾಲಿಪರ್, ವೈರ್ ಬ್ರಷ್, ಮೀನು ಹಿಡಿಯುವ ನೈಲಾನ್ ದಾರ, ಒಂದು ಪೌಂಡಿನ ಸುತ್ತಿಗೆ, ಬಿಳಿ ಪೇಂಟು, ಒಂದು ನೋಟ್‌ಬುಕ್.

ಗರ್ಡರನ್ನು ಎರಡು ಮರದ ದಿಮ್ಮಿಯ ಮೇಲೆ ಮಲಗಿಸಿ, ಈ ತುದಿಯಿಂದ ಆ ತುದಿಗೆ ದಾರ ಬಿಗಿದು, ನಡುವಿನ ಸಂದು ಅಳೆದೆವು. ಹೆಚ್ಚಿನವು 16 ಅಡಿಗೆ 4-5 ಮಿಮೀ ಒಳಗೇ ಇದ್ದವು. ಒಂದು ಮಾತ್ರ 22 ಮಿಮೀ ಅಡ್ಡಕ್ಕೆ ಬಾಗಿತ್ತು, ಬಹುಶಃ ಇಳಿಸುವಾಗ ಬಿದ್ದದ್ದು. ಕಾಯಿಸಿ ನೆಟ್ಟಗೆ ಮಾಡೋಣ ಅಂತ ವೆಲ್ಡರ್ ಹೇಳಿದ. ಬೇಡ ಅಂದೆ. ಗಿಡ್ಡ ತುಂಡುಗಳಾಗಿ ಕತ್ತರಿಸಿದರೆ ಆ ಬಾಗು ಲೆಕ್ಕಕ್ಕೇ ಬರುವುದಿಲ್ಲ. ಅಟ್ಟದ ಒಳಗಂಬ ಎರಡೂ ಅದರಿಂದಲೇ ಬಂದವು.

ಸವೆತ ಇದ್ದದ್ದು ತುದಿಯಲ್ಲಿ. ಗರ್ಡರಿನ ಎರಡು ತುದಿಯೂ ಗೋಡೆಯೊಳಗೆ ಗಾರೆಯಲ್ಲಿ ಹೂತಿದ್ದವು. ಹೊರಗೆ ಕಾಣುವ ಕಡೆ ವೆಬ್, ಅಂದರೆ ಐ ಅಕ್ಷರದ ನಿಂತ ಪಟ್ಟಿ, 5.6 ಮಿಮೀ ಇತ್ತು. ಐಎಸ್‌ಎಂಬಿ 200ಕ್ಕೆ, ಅಂದರೆ ನಮ್ಮ ದೇಶದ ಅಳತೆಯ 200 ಮಿಮೀ ಎತ್ತರದ ಗರ್ಡರಿಗೆ, ಹಳೇ ಪಟ್ಟಿಯಲ್ಲಿ ಇರುವುದು 5.7. ಗೋಡೆಯೊಳಗಿದ್ದ ಜಾಗದಲ್ಲಿ ಅದೇ ವೆಬ್ 3.9ಕ್ಕೆ ಇಳಿದಿತ್ತು. ಸುತ್ತಿಗೆಯಲ್ಲಿ ತಟ್ಟಿದರೆ ನಡುವೆ ಗಂಟೆಯ ಸದ್ದು, ತುದಿಯಲ್ಲಿ ಮೊಂಡು ಸದ್ದು. ಪ್ರತಿ ತುದಿಯಲ್ಲೂ 8ರಿಂದ 10 ಇಂಚು ಕತ್ತರಿಸಿ ತೆಗೆದೆವು. ಗರ್ಡರ್ ಕೊಳ್ಳುವಾಗ ಉದ್ದದಲ್ಲಿ ಒಂದೂವರೆ ಅಡಿ ಹೋಯಿತು ಎಂದೇ ಲೆಕ್ಕ ಹಾಕಿಕೊಳ್ಳಿ.

ತುಕ್ಕು ಕೆರೆಯುವಾಗ ಮೂರು ಗರ್ಡರಿನ ವೆಬ್ ಮೇಲೆ ಉಬ್ಬು ಅಕ್ಷರ ಎದ್ದು ಬಂತು: ಡಾರ್ಮನ್ ಲಾಂಗ್, ಇಂಗ್ಲೆಂಡ್. ಸಿಡ್ನಿ ಬಂದರಿನ ಸೇತುವೆ ಕಟ್ಟಿದ ಕಂಪನಿ. ಸೇತುವೆ 1932ರದ್ದು, ನಮ್ಮ ಗರ್ಡರ್ ಯಾವ ಕಾಲದ್ದೋ, ಮಿಲ್ ಕಟ್ಟುವಾಗಲೇ ಇನ್ನೆಲ್ಲಿಂದಲೋ ಹಳೇದು ತಂದಿದ್ದರೋ, ಹೇಳುವವರು ಯಾರೂ ಸಿಗಲಿಲ್ಲ. ಖುಷಿಯಾಗಿ ಫೋಟೊ ಹೊಡೆದುಕೊಂಡೆವು. ಅಕ್ಷರ ನೋಡಿದ ಸಂಭ್ರಮದಲ್ಲಿ ಅವುಗಳ ಎತ್ತರ ಅಳೆಯಲಿಲ್ಲ. ಅದರ ಫಲ 6ನೇ ಹಂತದಲ್ಲಿದೆ.

3. ಫೆಬ್ರವರಿ: ಪರೀಕ್ಷೆ

ಹಳೇ ಕಬ್ಬಿಣಕ್ಕೆ ಮಿಲ್ ಸರ್ಟಿಫಿಕೇಟ್, ಅಂದರೆ ಉಕ್ಕಿನ ಕಾರ್ಖಾನೆ ಕೊಡುವ ಗುಣಮಟ್ಟದ ಪತ್ರ, ಇರುವುದಿಲ್ಲ. ಆದ್ದರಿಂದ ಮೂರು ಪರೀಕ್ಷೆ ಮಾಡಿದೆವು. ಮೊದಲೆರಡಕ್ಕೆ ಖರ್ಚಿಲ್ಲ.

ಮೊದಲನೆಯದು ಕಿಡಿ. ಗ್ರೈಂಡರ್ ತಾಗಿಸಿದಾಗ ಮೆದು ಉಕ್ಕಾದರೆ ಉದ್ದದ ಹಳದಿ ಕಿಡಿ, ತುದಿಯಲ್ಲಿ ಕವಲು ಕಡಿಮೆ. ಬೀಡು ಕಬ್ಬಿಣವಾದರೆ ಗಿಡ್ಡ, ಕೆಂಪು ಕಿಡಿ. ಪಕ್ಕದಲ್ಲಿ ಹೊಸ ಆ್ಯಂಗಲ್ ತುಂಡೊಂದನ್ನು ಇಟ್ಟುಕೊಂಡು ಹೋಲಿಸಿ ನೋಡಬೇಕು, ನೆನಪಿನ ಮೇಲೆ ನಂಬಿಕೆ ಬೇಡ. ನಮ್ಮದೆಲ್ಲ ಮೆದು ಉಕ್ಕೇ.

ಎರಡನೆಯದು ವೆಲ್ಡ್ ಹಿಡಿಯುತ್ತದೋ ಇಲ್ಲವೋ ನೋಡುವುದು. ಕತ್ತರಿಸಿದ ತುದಿ ತುಂಡಿನ ಮೇಲೆ 50 ಮಿಮೀ ಅಗಲದ ಒಂದು ಪಟ್ಟಿಯನ್ನು ನಿಲ್ಲಿಸಿ ಒಂದೇ ಬದಿಗೆ ವೆಲ್ಡ್ ಮಾಡಿ, ಪೂರ್ತಿ ಆರಿದ ಮೇಲೆ ಸಮ್ಮಟಿಗೆಯಲ್ಲಿ ಬಡಿದು ಬೀಳಿಸುವುದು. ಪಟ್ಟಿ ಬಾಗಿ, ವೆಲ್ಡ್ ನಿಧಾನ ಹರಿದರೆ ಸರಿ. ವೆಲ್ಡಿನ ಅಂಚಿನಲ್ಲಿ ಗಾಜಿನ ಹಾಗೆ ಪಟ್ ಎಂದು ಕಿತ್ತು ಬಂದರೆ ಆ ಕಬ್ಬಿಣಕ್ಕೆ ವೆಲ್ಡ್ ಬೇಡ, ಬೋಲ್ಟೇ ಗತಿ. ಮೊದಲ ತುಂಡು ಪಟ್ ಎಂದು ಬಂತು! ಎದೆ ಧಸಕ್ ಅಂತು. ಆಮೇಲೆ ನೋಡಿದರೆ ರಾಡ್ ಒದ್ದೆ, ವೆಲ್ಡಿನೊಳಗೆ ತುಂಬ ಗುಳ್ಳೆ. ಒಣಗಿಸಿದ 7018 ದರ್ಜೆಯ ವೆಲ್ಡಿಂಗ್ ರಾಡಿನಲ್ಲಿ ಮತ್ತೆ ಮಾಡಿದಾಗ ಪಟ್ಟಿ ಮಡಚಿಕೊಂಡಿತೇ ಹೊರತು ವೆಲ್ಡ್ ಬಿಡಲಿಲ್ಲ.

ಮೂರನೆಯದು ಲ್ಯಾಬು. ಉಬ್ಬಕ್ಷರ ಇದ್ದ ಗುಂಪಿನಿಂದ ಒಂದು, ಇಲ್ಲದ ಗುಂಪಿನಿಂದ ಒಂದು ಸ್ಯಾಂಪಲ್, ರಾಸಾಯನಿಕ ಮತ್ತು ಎಳೆತದ ಪರೀಕ್ಷೆ ಸೇರಿ 4,800 ರೂಪಾಯಿ. ಎರಡನೇ ಗುಂಪು: ಇಂಗಾಲ 0.22, ಮ್ಯಾಂಗನೀಸ್ 0.55, ಗಂಧಕ 0.048, ರಂಜಕ 0.051 ಪ್ರತಿಶತ; ಯೀಲ್ಡ್, ಅಂದರೆ ಉಕ್ಕು ಮೊದಲಿನ ಉದ್ದಕ್ಕೆ ಮರಳದಂತೆ ಹಿಗ್ಗತೊಡಗುವ ಒತ್ತಡ, 262 ಮೆಗಾಪಾಸ್ಕಲ್. ಡಾರ್ಮನ್ ಲಾಂಗ್ ಗುಂಪು: ಯೀಲ್ಡ್ 248, ಗಂಧಕ ಇನ್ನೊಂದಿಷ್ಟು ಜಾಸ್ತಿ. ಈಗಿನ ಐಎಸ್ 2062ರ ಇ250 ಉಕ್ಕಿಗೆ ಯೀಲ್ಡ್ 250, ಗಂಧಕ ರಂಜಕ ತಲಾ 0.045 ದಾಟಬಾರದು. ಅಂದರೆ ಬಲ ಹೆಚ್ಚುಕಡಿಮೆ ಅಷ್ಟೇ, ಕೊಳೆ ಸ್ವಲ್ಪ ಹೆಚ್ಚು. ಗಂಧಕ ಹೆಚ್ಚಿದ್ದರೆ ಬಿಸಿ ಇರುವಾಗಲೇ ವೆಲ್ಡ್ ಬಿರುಕು ಬಿಡುತ್ತದೆ. ಅದಕ್ಕೇ ಮಾಮೂಲಿ 6013 ಬಿಟ್ಟು ಇಡೀ ಶೆಡ್ಡಿಗೆ 7018 ರಾಡ್.

ನಮ್ಮ ಎಂಜಿನಿಯರ್ ಈ ಗುಂಪು ಮಾಡುವ ಪದ್ಧತಿ ತೆಗೆದುಕೊಂಡದ್ದು ಬ್ರಿಟನ್ನಿನ ಸ್ಟೀಲ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್ 2019ರಲ್ಲಿ ತಂದ ಮರುಬಳಕೆಯ ಕ್ರಮದಿಂದ. ಅದು 1970ರ ಈಚಿನ ಉಕ್ಕಿಗೆ ಮಾತ್ರ. ನಮ್ಮದು ಅದಕ್ಕಿಂತ ಹಳೇದು. "ಲ್ಯಾಬ್ ಏನೇ ಹೇಳಲಿ, ನಾನು ಯೀಲ್ಡ್ 200 ಅಂತಲೇ ಹಿಡಿಯೋದು" ಅಂದರು. ಹಾಗೇ ಲೆಕ್ಕ ಮಾಡಿದರು. ನಾನು ವಾದ ಮಾಡಲಿಲ್ಲ. ಗರ್ಡರ್ ಹೇಗೂ ಅವಶ್ಯಕ್ಕಿಂತ ದಪ್ಪ ಇದ್ದವು.

4. ನಕ್ಷೆ ಬದಲಾದದ್ದು

ಮೊದಲ ನಕ್ಷೆ 30ಕ್ಕೆ 20 ಅಡಿ. ಬಂದ ಟ್ರಸ್ಸು 24 ಅಡಿ. ಕಡೆಯ ಎರಡೆರಡು ಅಡಿ ಕತ್ತರಿಸಿ 20 ಮಾಡೋಣ ಅಂತ ನಾನು ಹೊರಟಿದ್ದೆ. ಟ್ರಸ್ ಕತ್ತರಿಸಿದರೆ ಕಂಬದ ಮೇಲೆ ಕೂರುವ ಗಸೆಟ್ಟೇ (ಆ್ಯಂಗಲ್‌ಗಳನ್ನು ಕೂಡಿಸುವ ಪ್ಲೇಟು) ಹೋಗುತ್ತದೆ, ಮೇಲಿನ ಕೆಳಗಿನ ಆ್ಯಂಗಲ್ ಕೂಡುವ ಆ ಜಾಗದಲ್ಲೇ ಇಡೀ ಭಾರ ಇಳಿಯುವುದು. ಎಂಜಿನಿಯರ್ ಸುಮ್ಮನೆ ಕೇಳಿದರು: "ಜಾಗ ಇದೆಯಲ್ಲ, ಶೆಡ್ಡನ್ನೇ 24 ಮಾಡಿದ್ರೆ ಏನಾಯ್ತು?"

ಏನೂ ಆಗಲಿಲ್ಲ. ಕಂಬದ ಅಂತರವನ್ನೂ ಸಿಕ್ಕ ಗರ್ಡರಿಗೆ ತಕ್ಕಂತೆ 12 ಅಡಿ ಇಟ್ಟರು. 12 ಅಡಿಯ ಮೂರು ಅಂಕಣ, ನಾಲ್ಕು ಟ್ರಸ್, ಎಂಟು ಕಂಬ. ಐದನೇ ಟ್ರಸ್ ಬಿಚ್ಚಿ ಅಡ್ಡ ಕಟ್ಟುಗಳಿಗೆ, ಕ್ಲೀಟುಗಳಿಗೆ (ಗರ್ಡರ್ ಕೂಡಿಸುವ ಗಿಡ್ಡ ಆ್ಯಂಗಲ್ ತುಂಡು) ಬಳಸಿದೆವು.

ಹಳೇ ತೂತುಗಳ ವಿಷಯ ಇಲ್ಲೇ ಹೇಳುತ್ತೇನೆ. ಗರ್ಡರಿನ ಫ್ಲ್ಯಾಂಜ್, ಅಂದರೆ ಐ ಅಕ್ಷರದ ಅಡ್ಡ ಪಟ್ಟಿ, ಅದರ ಮೇಲೆ ಅಲ್ಲಲ್ಲಿ ಹಿಂದಿನ ಬೋಲ್ಟಿನ ತೂತು ಇದ್ದೇ ಇರುತ್ತದೆ. ವೆಲ್ಡ್ ತುಂಬಿ ಮುಚ್ಚಬಾರದು. ಆ ಒಂದು ಚುಕ್ಕೆಯಲ್ಲಿ ಬಿಸಿಯಾಗಿ ಬಿಗಿದುಕೊಂಡು ಬಿರುಕಿಗೆ ದಾರಿಯಾಗುತ್ತದೆ. ನಾವು ಮಾಡಿದ್ದು ಸುಲಭ ಉಪಾಯ: ತೂತಿರುವ ಮುಖವನ್ನು ಮೇಲಕ್ಕೆ ತಿರುಗಿಸುವುದು, ಇಲ್ಲವೇ ತುದಿಯ ಕಡೆಗೆ ಬರುವ ಹಾಗೆ ಉದ್ದ ಕತ್ತರಿಸುವುದು. ನೋಟ್‌ಬುಕ್ಕಿನಲ್ಲಿ ಪ್ರತಿ ಗರ್ಡರಿನ ಚಿತ್ರ ಬರೆದು ತೂತು ಗುರುತಿಸಿದ್ದು ಆಗ ಉಪಯೋಗಕ್ಕೆ ಬಂತು.

5. ರಿವೆಟ್ ಮತ್ತು ಬಣ್ಣ

ಅತಿ ಹೆಚ್ಚು ಬೆವರು ಹರಿದದ್ದು ಇಲ್ಲಿ. ಟ್ರಸ್ಸುಗಳನ್ನು ಅರ್ಧರ್ಧ ಬಿಚ್ಚಿದರೆ ಮಾತ್ರ ಲಾರಿಗೆ ಹಿಡಿಯುತ್ತಿದ್ದವು. ಬಿಚ್ಚಲು ತುದಿಯ ಕೂಡುಗಂಟಿನ ಮತ್ತು ಕೆಳಗಿನ ಕೂಡು ಪಟ್ಟಿಯ ಮುಕ್ಕಾಲು ಇಂಚಿನ ರಿವೆಟ್‌ಗಳನ್ನು ತೆಗೆಯಬೇಕು.

ಗ್ಯಾಸಿನಲ್ಲಿ ತಲೆ ಹಾರಿಸಿ ನೋಡಿದೆವು. ತಲೆಯ ಜೊತೆ ಗಸೆಟ್ ಪ್ಲೇಟಿನಲ್ಲೂ ಕುಳಿ ಬಿತ್ತು. ಆ ಒಂದು ಗಸೆಟ್ ಬದಲಿಸಬೇಕಾಯಿತು. ಆಮೇಲೆ ಡ್ರಿಲ್. ರಿವೆಟ್ ತಲೆಯ ಮೇಲೆ ಬಿಟ್ ನಿಲ್ಲುವುದೇ ಇಲ್ಲ, ಜಾರುತ್ತದೆ. ಕೊನೆಗೆ ಕೈಗೆ ಹತ್ತಿದ ದಾರಿ ಇದು: 4 ಇಂಚಿನ ಗ್ರೈಂಡರಿನಲ್ಲಿ ರಿವೆಟ್ ತಲೆಗೆ ಅಡ್ಡ ಒಂದು, ಉದ್ದ ಒಂದು ಗೆರೆ ಸೀಳಿ, ಚಾಣದಲ್ಲಿ ನಾಲ್ಕು ಚೂರನ್ನೂ ಎಬ್ಬಿಸಿ, 18 ಮಿಮೀ ಪಂಚ್ ಇಟ್ಟು 10 ಪೌಂಡಿನ ಸಮ್ಮಟಿಗೆಯಲ್ಲಿ ಒಬ್ಬ ಹಿಡಿದು ಒಬ್ಬ ಬಡಿಯುವುದು. ಪಂಚನ್ನು ಕೈಯಲ್ಲಿ ಹಿಡಿಯಬೇಡಿ, ಉದ್ದದ ಇಕ್ಕಳದಲ್ಲಿ ಹಿಡಿಯಿರಿ. ಕೆಲವು ಎರಡೇ ಏಟಿಗೆ ಜಾರಿ ಬೀಳುತ್ತವೆ. ಕೆಲವು ತೂತಿನೊಳಗೆ ಉಬ್ಬಿ ಕೂತಿರುತ್ತವೆ. ಅಂಥದಕ್ಕೆ ಈಗ ತಲೆ ಚಪ್ಪಟೆ ಇರುವುದರಿಂದ ಡ್ರಿಲ್ ನಿಲ್ಲುತ್ತದೆ, ನಡುವೆ 14 ಮಿಮೀ ಕೊರೆದು ಬಡಿದರೆ ಬಿಡುತ್ತದೆ.

ಬಿಚ್ಚದೇ ಉಳಿದ ರಿವೆಟ್ ಗಟ್ಟಿ ಇದೆಯೋ ಇಲ್ಲವೋ ನೋಡುವ ಕ್ರಮ ಒಬ್ಬ ಹಿರಿಯ ಫಿಟ್ಟರ್ ಹೇಳಿಕೊಟ್ಟದ್ದು. ರಿವೆಟ್ಟಿನ ಒಂದು ತಲೆಯ ಅಂಚಿಗೂ ಪ್ಲೇಟಿಗೂ ತಾಗುವ ಹಾಗೆ ಬೆರಳಿಟ್ಟು, ಇನ್ನೊಂದು ತಲೆಗೆ ಸಣ್ಣ ಸುತ್ತಿಗೆಯಲ್ಲಿ ಬದಿಯಿಂದ ತಟ್ಟುವುದು. ಗಟ್ಟಿ ಇದ್ದರೆ ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಸಡಿಲ ಇದ್ದರೆ ಬೆರಳ ತುದಿಯಲ್ಲಿ ಜುಂ ಎನ್ನುತ್ತದೆ. ಕಣ್ಣಿಗೆ ಎರಡೂ ಒಂದೇ ಥರ. ಜುಂ ಎಂದದ್ದನ್ನೆಲ್ಲ ತೆಗೆದು 8.8 ದರ್ಜೆಯ ಎಂ20 (20 ಮಿಮೀ ದಪ್ಪದ) ಬೋಲ್ಟ್ ಹಾಕಿದೆವು. ರಿವೆಟ್ ತೂತು 20.6 ಮಿಮೀ ಇರುವುದರಿಂದ ಎಂ20 ಬಿಗಿಯಾಗೇ ಹೋಗುತ್ತದೆ. ಎರಡು ಪ್ಲೇಟಿನ ತೂತು ಒಂದಕ್ಕೊಂದು ಸರಿದಿರುವ ಕಡೆ ರೀಮರ್ (ತೂತನ್ನು ನುಣ್ಣಗೆ ಅಗಲಿಸುವ ಹತಾರ) ಬೇಕು, ಗ್ಯಾಸಿನಲ್ಲಿ ತೂತು ಅಗಲ ಮಾಡಲು ಬಿಡಬೇಡಿ. ಫಿಟ್ಟರುಗಳಿಗೆ ಆ ಚಟ ಇರುತ್ತದೆ.

ಬಣ್ಣ. ಮೇಲೆ ಬೂದು, ಅದರ ಕೆಳಗೆ ಹಸಿರು, ಎಲ್ಲಕ್ಕಿಂತ ಕೆಳಗೆ ಕಿತ್ತಳೆ ಮಿಶ್ರಿತ ಕೆಂಪು. ಆ ಕೆಂಪು ರೆಡ್ ಲೆಡ್, ಸೀಸದ ಬಣ್ಣ. ಹಿಂದೆ ಕಬ್ಬಿಣಕ್ಕೆಲ್ಲ ಅದೇ ಮೊದಲ ಕೋಟು. ಗ್ರೈಂಡರಿಗೆ ವೈರ್ ಕಪ್ ಹಾಕಿ ಉಜ್ಜಿದರೆ ಅರ್ಧ ಗಂಟೆಯಲ್ಲಿ ಫಳಫಳ ಆಗುತ್ತದೆ ನಿಜ, ಆದರೆ ಸೀಸವೆಲ್ಲ ದೂಳಾಗಿ ಮೂಗಿಗೆ, ಬಟ್ಟೆಗೆ, ಅಲ್ಲಿಂದ ಮನೆಗೆ. ಹುಡುಗರು ಮೊದಲ ಗರ್ಡರನ್ನು ಹಾಗೇ ಉಜ್ಜಿ ಮುಗಿಸಿದ್ದರು, ನಾನು ಬಂದು ನಿಲ್ಲಿಸಿದೆ. ಆಮೇಲೆ ಪೇಂಟ್ ರಿಮೂವರ್ ಬಳಿದು, ಮೆತ್ತಗಾದ ಮೇಲೆ ನೀರು ಚಿಮುಕಿಸುತ್ತ ಕೆರೆಯುವುದು. ಕೆಳಗೆ ದಪ್ಪ ಪ್ಲಾಸ್ಟಿಕ್. ಮುಖಕ್ಕೆ ಫಿಲ್ಟರ್ ಇರುವ ರಬ್ಬರ್ ಮಾಸ್ಕ್, ಬಟ್ಟೆ ಮಾಸ್ಕ್ ಅಲ್ಲ. ಊಟಕ್ಕೆ ಮೊದಲು ಕೈ, ಮುಖ ಸೋಪಿನಲ್ಲಿ. ಕೆರೆದದ್ದೆಲ್ಲ ಮುಚ್ಚಳದ ಡ್ರಮ್ಮಿನಲ್ಲಿದೆ. ಪಕ್ಕದಲ್ಲೇ ತೋಟ, ಬಾವಿ ಇರುವಾಗ ಅದನ್ನು ಮಣ್ಣಿಗೆ ಸುರಿಯುವ ಮಾತೇ ಇಲ್ಲ. ವೆಲ್ಡ್ ಬೀಳುವ ಜಾಗದ ಸುತ್ತ ನಾಲ್ಕು ಇಂಚು ಬರೀ ಲೋಹ ಕಾಣುವವರೆಗೆ ತೆಗೆದೆವು. ಸೀಸದ ಬಣ್ಣದ ಮೇಲೆ ವೆಲ್ಡ್ ಹೊಡೆದರೆ ಬರುವ ಹೊಗೆ ದೂಳಿಗಿಂತ ಕೆಟ್ಟದ್ದು. ಉಳಿದ ಕಡೆ ಗಟ್ಟಿ ಅಂಟಿದ್ದ ಬಣ್ಣವನ್ನು ಹಾಗೇ ಬಿಟ್ಟು ಮೇಲೆ ಎಪಾಕ್ಸಿ ಪ್ರೈಮರ್ ಹೊಡೆದೆವು. ಪೂರ್ತಿ ಬೆತ್ತಲೆ ಮಾಡಬೇಕೆಂಬ ಹಟ ಬೇಡ.

6. ಮಾರ್ಚ್: ಅಟ್ಟ ಜೋಡಿಸಿದಾಗ ಕಂಡ ಒಂದು ನೂಲು

ಅಟ್ಟಕ್ಕೆ 12 ಅಡಿಯ ನಾಲ್ಕು ಗರ್ಡರ್, ನಾಲ್ಕಡಿಗೆ ಒಂದರಂತೆ. ನೆಲದ ಮೇಲೇ ಒಮ್ಮೆ ಜೋಡಿಸಿ ಮೇಲೆ ಚೆಕರ್ ಪ್ಲೇಟ್ (ನೆಲಕ್ಕೆ ಹಾಸುವ ಉಬ್ಬುಗೀರಿನ ಉಕ್ಕಿನ ತಗಡು) ಇಟ್ಟು ನೋಡಿದರೆ ಪ್ಲೇಟ್ ಡಕಡಕ ಅಲ್ಲಾಡುತ್ತಿದೆ. ಮಟ್ಟದ ಪೈಪ್ ಹಿಡಿದರೆ ಕೆಳಗಿನ ಆಧಾರ ಸರಿಯಾಗೇ ಇದೆ. ಗರ್ಡರನ್ನೇ ಅಳೆದಾಗ ಗೊತ್ತಾಯಿತು: ಎರಡು ಗರ್ಡರ್ 200 ಮಿಮೀ ಎತ್ತರ, ಎರಡು 203. ಡಾರ್ಮನ್ ಲಾಂಗಿನವು 8 ಇಂಚು ಎತ್ತರ, 4 ಇಂಚು ಅಗಲದವು. ಇನ್ನುಳಿದವು ಮೀಟರ್ ಅಳತೆಯ ಐಎಸ್‌ಎಂಬಿ. ತೂಕ ಅಳತೆಯ ಕಾನೂನು 1956ರಲ್ಲಿ ಬಂದ ಮೇಲೆ ನಮ್ಮ ಗರ್ಡರುಗಳು ಮಿಲಿಮೀಟರಿಗೆ ತಿರುಗಿದವು; ಒಂದೇ ಮಿಲ್ಲಿನ ಮಹಡಿಯಲ್ಲಿ ಎರಡೂ ಕಾಲದ ಮಾಲು ಸೇರಿತ್ತು. ವ್ಯತ್ಯಾಸ ಸರಿಯಾಗಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು. ಮರದ ಹಲಗೆಯ ಮಹಡಿಯಲ್ಲಿ ಆ ಒಂದು ನೂಲು ಯಾರಿಗೂ ತಿಳಿದಿರಲಾರದು, ಚೆಕರ್ ಪ್ಲೇಟಿಗೆ ತಿಳಿಯಿತು.

200ರ ಗರ್ಡರುಗಳ ತುದಿಯ ಕೆಳಗೆ 3 ಮಿಮೀ ಶೀಟಿನ ಪ್ಯಾಕಿಂಗ್ ಕೊಟ್ಟು ಸರಿ ಮಾಡಿದೆವು. ಕೆಲಸ ದೊಡ್ಡದಲ್ಲ. ಆದರೆ ಅಷ್ಟರಲ್ಲಿ ಕ್ಲೀಟುಗಳಿಗೆಲ್ಲ ತೂತು ಹೊಡೆದಾಗಿತ್ತು. ಎರಡು ಕಡೆ ಕ್ಲೀಟ್ ಹೊಸದಾಗಿ ಮಾಡಿದೆವು. ಮೊದಲೇ ಗೊತ್ತಿದ್ದರೆ ಮೂರೂ ಇಂಗ್ಲೆಂಡ್ ಗರ್ಡರುಗಳನ್ನು ಕಂಬಕ್ಕೆ ಹಾಕಿಬಿಡುತ್ತಿದ್ದೆ, ಅಲ್ಲಿ ನೂಲಿನ ಲೆಕ್ಕ ಬರುವುದಿಲ್ಲ.

7. ಪಾಯ, ಬೋಲ್ಟು

ಪ್ರತಿ ಕಂಬಕ್ಕೆ 300ಕ್ಕೆ 300, 12 ಮಿಮೀ ದಪ್ಪದ ಹೊಸ ಬೇಸ್ ಪ್ಲೇಟ್, ನಾಲ್ಕು ಜೆ ಬೋಲ್ಟ್. ಹನ್ನೆರಡು ಕಂಬ, 102 ಕೆಜಿ ಪ್ಲೇಟು. ಬೋಲ್ಟ್ ಹಿಡಿದು ನಿಲ್ಲಿಸಲು ಪ್ಲೈವುಡ್ಡಿನ ಫರ್ಮಾ ಮಾಡಿದ್ದೆವು. ಕಾಂಕ್ರೀಟ್ ಸುರಿದು ವೈಬ್ರೇಟರ್ ಹಾಕುವಾಗ ಒಂದು ಫರ್ಮಾ ಜರುಗಿ ಬೋಲ್ಟುಗಳು 11 ಮಿಮೀ ಆಚೆ ಹೋದವು. ಮೇಸ್ತ್ರಿ ಪೈಪ್ ಸಿಕ್ಕಿಸಿ ಬಗ್ಗಿಸಲು ಹೊರಟ. ಬಗ್ಗಿಸಿದ ಬೋಲ್ಟ್ ಬುಡದಲ್ಲಿ ಕಾಂಕ್ರೀಟ್ ಒಡೆಯುತ್ತದೆ. ಬದಲಿಗೆ ಬೇಸ್ ಪ್ಲೇಟಿನ ತೂತನ್ನು ಉದ್ದಕ್ಕೆ ಸೀಳಿ, ಮೇಲೆ 10 ಮಿಮೀ ದಪ್ಪದ ಚೌಕ ವಾಷರ್ ಇಟ್ಟು, ಕಂಬ ತೂಗುಗುಂಡಿಗೆ ಸರಿ ಬಂದ ಮೇಲೆ ವಾಷರನ್ನು ಪ್ಲೇಟಿಗೆ ವೆಲ್ಡ್ ಮಾಡಿದೆವು. ಮುಂದಿನ ಸಲ ಫರ್ಮಾಕ್ಕೆ ಪ್ಲೈವುಡ್ ಬೇಡ, ಆ್ಯಂಗಲ್ ಚೌಕಟ್ಟೇ ಸರಿ.

ರಾಡಿನ ವಿಷಯ. 7018 ತೇವ ಹೀರಿತೆಂದರೆ ಮುಗಿಯಿತು. ಪೊಟ್ಟಣ ಒಡೆದ ಮೇಲೆ 300 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಬೇಕು. ಬಲ್ಬು ಹಾಕಿದ ಮರದ ಪೆಟ್ಟಿಗೆ ಒಣಗಿದ್ದನ್ನು ಒಣಗಿಡಲು ಸರಿ, ಒದ್ದೆಯಾದದ್ದನ್ನು ಒಣಗಿಸಲು ಆಗದು. ಬಾಡಿಗೆಗೆ ರಾಡ್ ಓವನ್ ತಂದೆವು.

8. ಏಪ್ರಿಲ್: ಎತ್ತಿದ್ದು

ಕಂಬಗಳು ಸಲೀಸಾಗಿ ನಿಂತವು. ಟ್ರಸ್ ಹಾಗಲ್ಲ. ನಿಂತಾಗ ಗಟ್ಟಿ, ಮಲಗಿದ್ದನ್ನು ಎಬ್ಬಿಸುವಾಗ ಸೊಪ್ಪಿನ ದಂಟು. ಮೊದಲ ಟ್ರಸ್ಸನ್ನು ನೆತ್ತಿಯ ಒಂದೇ ಕಡೆ ಬೆಲ್ಟ್ ಹಾಕಿ ಎತ್ತಿದಾಗ ಕೆಳಗಿನ ಆ್ಯಂಗಲ್ ಹಾವಿನ ಹಾಗೆ ಬಳುಕಿತು, ತಕ್ಷಣ ಇಳಿಸಿದೆವು. ಎರಡು ಉದ್ದದ ಬಿದಿರು ಗಳಗಳನ್ನು ಕೆಳಗಿನ ಆ್ಯಂಗಲಿಗೆ ಎರಡೂ ಬದಿಯಿಂದ ಹಗ್ಗದಲ್ಲಿ ಬಿಗಿದು, ನೆತ್ತಿಯಿಂದ ಎರಡೂ ಕಡೆ ಸಮದೂರದಲ್ಲಿ ಬೆಲ್ಟ್ ಹಾಕಿ ಎತ್ತಿದ ಮೇಲೆ ನೆಟ್ಟಗೆ ಹೋಯಿತು. ಹೈಡ್ರಾ ಕ್ರೇನಿನವನಿಗೆ ಅವಸರ, ಗಂಟೆ ಲೆಕ್ಕ. ಅವನ ಅವಸರಕ್ಕೆ ಮಣಿಯದೆ, ಎರಡು ಟ್ರಸ್ಸಿನ ನಡುವೆ ಪರ್ಲಿನ್ ಮತ್ತು ಅಡ್ಡ ಕಟ್ಟು ಬಿಗಿಯುವವರೆಗೆ ಹುಕ್ ಬಿಡಿಸಲಿಲ್ಲ. ಒಂಟಿ ಟ್ರಸ್ಸಿಗೆ ಗಾಳಿಯೇ ಸಾಕು.

ಹೊಸ ಪರ್ಲಿನ್ 80ಕ್ಕೆ 40ರ ಪೆಟ್ಟಿಗೆ ಪೈಪು, ಎಂಟು ಸಾಲು, ಸುಮಾರು 400 ಕೆಜಿ.

9. ಪುಲ್ಲಿ ಗರ್ಡರಿಗೆ ಭಾರ ಹಾಕಿ ನೋಡಿದ್ದು

ಪುಲ್ಲಿಯನ್ನು ಟ್ರಸ್ಸಿಗೆ ನೇತುಹಾಕಲು ಎಂಜಿನಿಯರ್ ಖಡಾಖಂಡಿತ ಬೇಡ ಅಂದಿದ್ದರು. ಆದ್ದರಿಂದ 16 ಅಡಿಯ ಗರ್ಡರಿಗೆ ಅದರದೇ ಎರಡು ಕಂಬ, ಮೂಲೆಗೆ ಓರೆ ಕಟ್ಟು. ಹೊಸದಾಗಿ ತೂತು ಕೊರೆಯದೆ ಗರ್ಡರ್ ಕ್ಲ್ಯಾಂಪಿನಲ್ಲಿ ಪುಲ್ಲಿ.

ಒಂದು ಟನ್ನಿಗೆ ಕಾಲು ಭಾಗ ಜಾಸ್ತಿ ಸೇರಿಸಿ 1,250 ಕೆಜಿ, ಅಂದರೆ 25 ಸಿಮೆಂಟ್ ಚೀಲ, ಹಲಗೆಯ ಮೇಲೆ ಪೇರಿಸಿ ನೆಲದಿಂದ ಅರ್ಧ ಅಡಿ ಎತ್ತಿದೆವು. ಯಾರೂ ಕೆಳಗೆ ಕಾಲಿಡುವ ಹಾಗಿಲ್ಲ. ಪಕ್ಕದಲ್ಲಿ ನೆಲಕ್ಕೆ ನೆಟ್ಟ ಕಂಬಿಗೆ ಸ್ಟೀಲ್ ಸ್ಕೇಲ್ ಕಟ್ಟಿ, ಗರ್ಡರಿನ ನಡುವೆ ಅಂಟಿಸಿದ ಗುಂಡುಸೂಜಿ ಎಷ್ಟು ಇಳಿಯುತ್ತದೆ ನೋಡುವುದು. ಲೆಕ್ಕದ ಪ್ರಕಾರ 6.4 ಮಿಮೀ ಬಗ್ಗಬೇಕು. ಮೊದಲ ಸಲ 8 ಇಳಿಯಿತು, ಭಾರ ತೆಗೆದ ಮೇಲೆ 1 ಮಿಮೀ ಹಾಗೇ ಉಳಿಯಿತು. ಮತ್ತೆ ಭಾರ ಹಾಕಿದಾಗ 7 ಇಳಿದು ಪೂರ್ತಿ ವಾಪಸ್ ಬಂತು. ಮೊದಲ ಸಲದ ಆ 1 ಮಿಮೀ ಬೋಲ್ಟುಗಳು ತಮ್ಮ ಜಾಗ ಹಿಡಿದದ್ದು ಅಂತ ಎಂಜಿನಿಯರ್ ಹೇಳಿದರು. ಎರಡನೇ ಸಲವೂ ಉಳಿದಿದ್ದರೆ ಗರ್ಡರನ್ನು ಇಳಿಸುವುದೇ ಆಗಿತ್ತು.

10. ಲೆಕ್ಕ

ಪಾಯ ಮತ್ತು ಮಾಡಿನ ಶೀಟು ಬಿಟ್ಟು:

ಹಳೇ ಲಾಟ್ 1,50,480, ಲೋಡಿಂಗ್, ಲಾರಿ 14,500, ಲ್ಯಾಬ್ 4,800, ಎಂಜಿನಿಯರ್ (ಎರಡು ನಕ್ಷೆ) 12,000, ರಿವೆಟ್, ಬಣ್ಣ ತೆಗೆದ ಕೂಲಿ 26,000, ವೆಲ್ಡಿಂಗ್, ಜೋಡಣೆ ಕೂಲಿ 48,000, ರಾಡ್, ಡಿಸ್ಕ್, ಗ್ಯಾಸ್ 13,500, ಬೋಲ್ಟು 9,800, ಬೇಸ್ ಪ್ಲೇಟ್ 7,140, ಪರ್ಲಿನ್ 27,200, ಬಣ್ಣ 11,400, ಹೈಡ್ರಾ 13,000. ಒಟ್ಟು 3,37,820. ಗುಜರಿಗೆ ವಾಪಸ್ ಹಾಕಿದ 430 ಕೆಜಿಗೆ 33ರಂತೆ ಬಂದದ್ದು 14,190. ನಿವ್ವಳ 3,23,630 ರೂಪಾಯಿ.

ಇದೇ ಅಳತೆಗೆ ಪೂರ್ತಿ ಹೊಸ ಮಾಲಿನಲ್ಲಿ ಫ್ಯಾಬ್ರಿಕೇಟರ್ ಒಬ್ಬರು ಕೆಜಿಗೆ 118ರಂತೆ 3,200 ಕೆಜಿಗೆ ಕೊಟೇಶನ್ ಕೊಟ್ಟಿದ್ದರು: 3,77,600. ಉಳಿದದ್ದು 54 ಸಾವಿರದ ಒಳಗೆ. ನನ್ನ ಸ್ವಂತ ಓಡಾಟಕ್ಕೆ ಕೂಲಿ ಹಾಕಿದರೆ ಆ ಉಳಿತಾಯ ಅಲ್ಲಿಗೇ ಕರಗುತ್ತದೆ. ಕೆಜಿಗೆ 29 ರೂಪಾಯಿ ಕಡಿಮೆಗೆ ಕೊಂಡದ್ದರಲ್ಲಿ ಬಹುಪಾಲನ್ನು ರಿವೆಟ್ಟು ಮತ್ತು ಬಣ್ಣ ತಿಂದವು. ಬೋಲ್ಟಿನ ಟ್ರಸ್ ಸಿಕ್ಕಿದ್ದರೆ ಕಥೆ ಬೇರೆ.

ಪರಿಸರದ ಲೆಕ್ಕವನ್ನೂ ಕೇಳುತ್ತಾರೆ. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸರಾಸರಿ ಎರಡೂವರೆ ಟನ್ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ನಾವು ಮರಳಿ ಬಳಸಿದ್ದು 2,870 ಕೆಜಿ, ಹಾಗಾಗಿ ಏಳು ಟನ್ ಉಳಿಸಿದೆವು ಎಂದು ಹೇಳಿಕೊಳ್ಳಬಹುದು. ಪೂರ್ತಿ ನಿಜವಲ್ಲ. ನಾವು ಕೊಳ್ಳದಿದ್ದರೆ ಈ ಕಬ್ಬಿಣ ಮಣ್ಣುಪಾಲಾಗುತ್ತಿರಲಿಲ್ಲ, ಫರ್ನೇಸಿನಲ್ಲಿ ಕರಗಿ ಕಂಬಿಯಾಗುತ್ತಿತ್ತು. ಖಂಡಿತವಾಗಿ ಉಳಿದದ್ದು ಕರಗಿಸುವ, ಮತ್ತೆ ಉರುಳಿಸುವ ಕರೆಂಟು. ಏಳು ಟನ್ನಿನ ಲೆಕ್ಕ ಬೋರ್ಡಿನ ಮೇಲೆ ಚೆನ್ನಾಗಿರುತ್ತದೆ, ನಾನು ಬರೆಸಿಲ್ಲ. ದೊಡ್ಡ ಪ್ರಮಾಣದಲ್ಲಿ ಮಾಡಿದವರೂ ಇದ್ದಾರೆ: ಲಂಡನ್ನಿನ ಬೆಡ್‌ಜೆಡ್ ಬಡಾವಣೆಗೆ 2002ರ ಹೊತ್ತಿಗೇ 98 ಟನ್ ಹಳೇ ಗರ್ಡರ್ ಬಳಸಿದ್ದರು. 

ಬಾಕಿ ಇರುವುದು

ಮಳೆಗಾಲಕ್ಕೆ ಮುಂಚೆ ಮಾಡಿನ ಅಂಚಿಗೆ ಮಳೆನೀರು ಹರಿಯುವ ದೋಣಿ ಹಾಕಬೇಕು. ಈಗ ಹಾಗೇ ಬಿಟ್ಟರೆ ನೀರೆಲ್ಲ ಬೇಸ್ ಪ್ಲೇಟಿನ ಮೇಲೇ ಬೀಳುತ್ತದೆ. ಕೂಡುಗಂಟುಗಳನ್ನು ಆದಷ್ಟು ಬೋಲ್ಟಿನಲ್ಲೇ ಮಾಡಿದ್ದೇವೆ, ಬೇಸ್ ಪ್ಲೇಟ್ ಮತ್ತು ಕ್ಲೀಟ್ ಮಾತ್ರ ವೆಲ್ಡ್. ಮೊದಲ ಮಳೆಗಾಲ ಮುಗಿದ ಮೇಲೆ ಎಲ್ಲ ಬೋಲ್ಟನ್ನೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು. ಪ್ರತಿ ಗರ್ಡರಿನ ಮೇಲೆ ನಂಬರು ಬರೆದಿದೆ. ನಂಬರು, ಅಳತೆ, ಲ್ಯಾಬ್ ರಿಪೋರ್ಟು ಇರುವ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಮೇನ್ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಅಂಟಿಸಿದ್ದೇನೆ, ಮುಂದೆ ಯಾರಾದರೂ ಬಿಚ್ಚುವುದಾದರೆ ಗ್ರೈಂಡರ್ ಹಿಡಿದು ಕಿಡಿ ನೋಡುವ ಕೆಲಸ ಇರಬಾರದು. ಸುಮಾರು 120 ಕೆಜಿ ಒಳ್ಳೇ ತುಂಡುಗಳು ಉಳಿದಿವೆ, ಎರಡರಿಂದ ನಾಲ್ಕು ಅಡಿಯವು. ಗೇಟಿನ ಕಂಬಕ್ಕೋ ಮೋಟಾರ್ ಸ್ಟ್ಯಾಂಡಿಗೋ ಬೇಕಿದ್ದವರು ಕೊಂಡ ರೇಟಿಗೇ ಒಯ್ಯಬಹುದು. ಪರ್ಲಿನ್ ಮಾತ್ರ ಕೇಳಬೇಡಿ.